ಪಾಳಿಯ ಮೇಲೆ ಬರುವ ತಾಯಿ

ಬಾಲಮಂದಿರದ ಹುಡುಗನೊಬ್ಬ ಊಟ ಬಿಟ್ಟು ಕೂತರೆ, ಕಿಟಕಿಯ ಗಾಜು ಒಡೆದರೆ, ಗೋಡೆ ಹಾರಿದರೆ, ಅಧಿಕಾರಿ ಮಹಾಶಯರು "ಹುಡುಗ ಕೆಟ್ಟಿದ್ದಾನೆ" ಎಂದು ಷರಾ ಬರೆಯುತ್ತಾರೆ. ಅವನನ್ನು ಸಾಕುವ ಏರ್ಪಾಡೇ ಕೆಟ್ಟಿದೆ ಎಂದು ಬರೆಯುವ ಲೇಖನಿ ಆ ಕಚೇರಿಯಲ್ಲಿಲ್ಲ.

ಗಿರಣಿ ಕಾರ್ಮಿಕ ಬಂಧುಗಳಿಗೆ ಇದನ್ನು ಲೆಕ್ಕದಲ್ಲಿಯೇ ಹೇಳಬಹುದು. ಕೇಂದ್ರ ಸರಕಾರದ 2016ರ ಬಾಲನ್ಯಾಯ ಮಾದರಿ ನಿಯಮಗಳು 100 ಮಕ್ಕಳಿಗೆ ಸೂಚಿಸಿದ್ದು 4 ಮಂದಿ ಗೃಹಮಾತೆಯರನ್ನೋ ಗೃಹಪಿತರನ್ನೋ. ಇಬ್ಬರು ಹಗಲು ಪಾಳಿ, ಇಬ್ಬರು ರಾತ್ರಿ ಪಾಳಿ ಎಂದರೆ ಒಬ್ಬಾಕೆಗೆ 50 ಮಕ್ಕಳು! ರಜೆ, ಕಾಯಿಲೆ ಬೇರೆ. ಒಬ್ಬ ನೇಕಾರನ ತಲೆಗೆ ಮಗ್ಗ ಹೆಚ್ಚಿಸಿದರೆ ನೂಲು ಹರಿಯುತ್ತದೆ, ಸಂಘ ಗೇಟಿಗೆ ಬರುತ್ತದೆ. ಇಲ್ಲಿ ಗೇಟಿಗೆ ಬರುವವರು ಯಾರು?

ಅಷ್ಟು ಸಾಲದೆಂಬಂತೆ ಇಂಥ ಕೆಲಸಗಳಲ್ಲಿ ಬಹುಪಾಲು ಗುತ್ತಿಗೆಯವು. ಹದಿನಾಲ್ಕರ ಹುಡುಗಿ ತಿಂಗಳುಗಟ್ಟಲೆ ಅನುಮಾನಪಟ್ಟು, ಜಗಳವಾಡಿ ಪರೀಕ್ಷಿಸಿ, ಕಡೆಗೆ ಒಬ್ಬಾಕೆಯನ್ನು "ಅಮ್ಮಾ" ಎನ್ನುತ್ತಾಳೆ. ಅಷ್ಟರಲ್ಲಿ ಗುತ್ತಿಗೆ ಮುಗಿಯುತ್ತದೆ. ಹೊಸಬಳು ಬರುತ್ತಾಳೆ. ಮೂರನೆಯ ಸಲಕ್ಕೆ ಹುಡುಗಿ ಯಾರನ್ನೂ ನಂಬುವುದಿಲ್ಲ. ಇಲ್ಲವೇ ಮುಖ ನೋಡಿ ನಕ್ಕವರನ್ನೆಲ್ಲ ನಂಬಿಬಿಡುತ್ತಾಳೆ. ಎರಡನೆಯದು ಇನ್ನೂ ಅಪಾಯ.

ನಾನು ಮೇಷ್ಟರಾಗಿದ್ದಾಗ ಅಂಥ ಮಂದಿರದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಮೊದಲ ದಿನ ಹೆಸರು ಕೇಳಿದರೆ ಹೆಸರು ಹೇಳಲಿಲ್ಲ. "ನೀವು ಎಷ್ಟು ದಿನ ಇರ್ತೀರಿ ಸಾರ್?" ಎಂದು ಕೇಳಿದ. ವರ್ಷದೊಳಗೆ ನಾನು ಕೆಲಸ ಬಿಟ್ಟು ಪಕ್ಷಕ್ಕೆ ಬಂದೆ. ಅವನಿಗೆ ಹೇಳಿ ಬರಲಿಲ್ಲ.

ಇದು ತಿಳಿಯದ ಸಂಗತಿಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿ ಎಂಬ ಆಂಗ್ಲ ವೈದ್ಯ 1951ರಲ್ಲೇ ಬರೆದ: ಬದಲಾಗದ ಒಂದು ಮಡಿಲು ಮಗುವಿನ ಮನಸ್ಸಿನ ಆರೋಗ್ಯಕ್ಕೆ ಅಗತ್ಯವೆಂದು. ಈ ಶತಮಾನದ ಆರಂಭದಲ್ಲಿ ರುಮೇನಿಯದ ಬುಕಾರೆಸ್ಟ್ ನಗರದ ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟನ್ನು ಸಾಕುಮನೆಗಳಿಗೆ ಕೊಟ್ಟು, ವಿಜ್ಞಾನಿಗಳು ಹದಿಹರೆಯದವರೆಗೂ ಗಮನಿಸಿದರು. ಸಾಕುಮನೆ ಬದಲಾಗದೆ ಉಳಿದವರ ಮನಸ್ಸು ಬದಲಾದವರಿಗಿಂತ ನೆಟ್ಟಗಿತ್ತು.

ನಮ್ಮ 2015ರ ಬಾಲನ್ಯಾಯ ಕಾಯಿದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವೆನ್ನುತ್ತದೆ. ಮಂದಿರಗಳಲ್ಲಿರುವವರೆಲ್ಲ ಅನಾಥರಲ್ಲ, ಅನೇಕರಿಗೆ ತಾಯಿ ಇದ್ದಾಳೆ, ಅವಳ ಹತ್ತಿರ ಕಾಸಿಲ್ಲ. ಮಗುವನ್ನು ಮನೆಯಲ್ಲೇ ಉಳಿಸಲು 2022ರ ಮಿಷನ್ ವಾತ್ಸಲ್ಯ ಯೋಜನೆ ತಿಂಗಳಿಗೆ 4000 ರೂಪಾಯಿ ನಿಗದಿಮಾಡಿತು. ಕೂಲಿ ಹೆಂಗಸಿಗೆ ಈ ಅರ್ಜಿಯ ದಾರಿ ತೋರಿಸಿದವರನ್ನು ನಾನು ಹೆಚ್ಚು ಕಂಡಿಲ್ಲ. ಅಣ್ಣ ಬಾಲಕರ ಮಂದಿರಕ್ಕೆ, ತಂಗಿ ಬಾಲಕಿಯರ ಮಂದಿರಕ್ಕೆ: ಇದ್ದೊಂದು ನಂಟೂ ಹರಿಯಿತು. ಹದಿನೆಂಟು ತುಂಬಿತೋ, ಪೆಟ್ಟಿಗೆ ಹಿಡಿದು ಹೊರಡು! ಇಪ್ಪತ್ತೊಂದರವರೆಗೆ ಆಸರೆ ಕೊಡಬಹುದೆಂದು ಕಾಯಿದೆಯಲ್ಲೇನೋ ಇದೆ.

ಪೇಟೆಯ ವ್ಯಾಪಾರಿ ಮಿತ್ರರು ಕೋಪಿಸಿಕೊಳ್ಳಬಾರದು. ಮಗನ ಹುಟ್ಟುಹಬ್ಬಕ್ಕೆ ಮಂದಿರದಲ್ಲಿ ಲಾಡು ಹಂಚಿ, ಫೋಟೋ ತೆಗೆಸಿ ಬರುತ್ತೀರಿ. ನಿಮ್ಮ ಕಾರು ತಿರುಗಿದ ಮೇಲೆ ಆ ಮಕ್ಕಳು ಏನು ಮಾತಾಡುತ್ತಾರೆಂದು ಯೋಚಿಸಿದ್ದೀರಾ? ಹೋದರೆ ಅದೇ ಮಗುವಿನ ಬಳಿ ಪ್ರತಿ ತಿಂಗಳೂ ಹೋಗಿ. ಆಗದಿದ್ದರೆ ಲಾಡು ಅಂಗಡಿಯಲ್ಲೇ ಇರಲಿ.

ಕಾರ್ಮಿಕ ಸಂಘಗಳು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಗೃಹಮಾತೆಯರ ಕಾಯಂ ನೇಮಕವನ್ನೂ ಸೇರಿಸಬೇಕು. ಅವರೂ ಪಾಳಿಯ ಕೆಲಸಗಾರರೇ. ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಲು ನಾನು ಬರುತ್ತೇನೆ.