ಹಲ್ಲು ನೋಡದೆ ತಂದ ಎತ್ತು



ಘಾಟಿ ಜಾತ್ರೆಗೆ ಎತ್ತು ತರಲು ಹೋದವರು ನೀವು. ಬಾಯಿ ಬಿಡಿಸಿ ಹಲ್ಲು ಎಣಿಸುತ್ತೀರಿ. ಸುಳಿ ನೋಡುತ್ತೀರಿ. ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತೀರಿ. ದಳ್ಳಾಳಿ ಟವಲಿನ ಕೆಳಗೆ ಬೆರಳು ಹಿಡಿದರೆ ಐನೂರು ರೂಪಾಯಿಗೆ ಅರ್ಧ ದಿನ ಜಗ್ಗುತ್ತೀರಿ. ಅದೇ ನೀವು ಪೇಟೆಯ ಷೆಡ್ಡಿನಲ್ಲಿ ನಿಂತ ಹಳೇ ಕಾರು ತರುವಾಗ, ಒಂದು ಗಂಟೆಯೊಳಗೆ ಮೂವತ್ತು ಕಡೆ ರುಜು ಹಾಕಿ ಬರುತ್ತೀರಲ್ಲ, ಇದು ಹೇಗೆ?

ಬೈಯಲು ಬರೆಯುತ್ತಿಲ್ಲ. ಕಾರು ಬೇಕು ಅನ್ನುವುದು ತಪ್ಪೂ ಅಲ್ಲ. ನಡುರಾತ್ರಿ ಹೆರಿಗೆ ನೋವು ಬಂದರೆ, ಅಪ್ಪನಿಗೆ ಎದೆ ಹಿಡಿದರೆ, ಬೆಳಗಿನ ಬಸ್ಸಿಗೆ ಕಾಯಲಾಗುತ್ತದೆಯೇ? ಪೇಟೆಯ ಗುಮಾಸ್ತ ಕಾರಿಟ್ಟರೆ ಅನುಕೂಲ, ರೈತ ಇಟ್ಟರೆ ಶೋಕಿ ಅನ್ನುವವರ ಪಂಕ್ತಿಗೆ ನಾನು ಸೇರಿದವನಲ್ಲ. ನನ್ನ ಜಗಳ ಇರುವುದು ಆ ಕಾರಿನ ಬೆನ್ನಿಗೆ ಕಟ್ಟಿ ಕಳಿಸುವ ಸಾಲದ ಮೇಲೆ.

ಮೂರು ತಿಂಗಳ ಹಿಂದೆ ಮದ್ದೂರು ಕಡೆಯ ಒಬ್ಬ ಕಬ್ಬು ಬೆಳೆಗಾರರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡು ನಮ್ಮ ಮನೆಗೆ ಬಂದರು. ಎರಡೂವರೆ ಎಕರೆ ನೀರಾವರಿ. ಮನೆತನದಲ್ಲೇ ಮೊದಲ ಕಾರು. ನಾಲ್ಕು ಲಕ್ಷಕ್ಕೆ ಮಾತಾಗಿ, ಒಂದು ಲಕ್ಷ ಕೈಯಿಂದ, ಮೂರು ಲಕ್ಷ ಫೈನಾನ್ಸು. ಷೆಡ್ಡಿನವನೇ ಫೈನಾನ್ಸಿನವನನ್ನು ಕರೆಸಿದ, ಟೀ ತರಿಸಿದ. “ಗೌಡ್ರೇ, ಬಡ್ಡಿ ಬರೀ ಹನ್ನೊಂದು ಪರ್ಸೆಂಟು. ತಿಂಗಳಿಗೆ ಒಂಬತ್ತು ಸಾವಿರ, ನಾಲ್ಕು ವರ್ಷ. ನಿಮ್ಮಂಥೋರಿಗೆ ಇದೊಂದು ಲೆಕ್ಕವಾ?” ಹಾಗೆ ಕೇಳಿದ ಮೇಲೆ ಲೆಕ್ಕ ಹಾಕುವುದಕ್ಕೆ ನಮ್ಮವರಿಗೆ ಮರ್ಯಾದೆ ಅಡ್ಡ ಬಂತು.

ಬನ್ನಿ, ನಾವು ಹಾಕೋಣ. ಮೂರು ಲಕ್ಷಕ್ಕೆ ನೂರಕ್ಕೆ ಹನ್ನೊಂದರಂತೆ ವರ್ಷಕ್ಕೆ 33,000. ನಾಲ್ಕು ವರ್ಷಕ್ಕೆ 1,32,000. ಅಸಲು ಸೇರಿ 4,32,000. 48 ಕಂತಿಗೆ ಹಂಚಿದರೆ 9,000. ಸರಿಯಾಗೇ ಇದೆಯಲ್ಲ ಅಂತೀರಾ? ಮೋಸ ಇರುವುದೇ ಇಲ್ಲಿ. ಪ್ರತಿ ತಿಂಗಳೂ ನೀವು ಅಸಲಿನಲ್ಲಿ ಒಂದಿಷ್ಟು ತೀರಿಸುತ್ತಾ ಬರುತ್ತೀರಿ. ಬಡ್ಡಿ ಮಾತ್ರ ಕೊನೇ ತಿಂಗಳವರೆಗೂ ಪೂರಾ ಮೂರು ಲಕ್ಷದ ಮೇಲೆ! ಇದಕ್ಕೆ ಫ್ಲಾಟ್ ರೇಟ್ ಅಂತ ಹೆಸರು. ಉಳಿದ ಅಸಲಿಗೆ ಮಾತ್ರ ಬಡ್ಡಿ ಎಂದು ಹಿಡಿದರೆ ಅದೇ ಒಂಬತ್ತು ಸಾವಿರದ ಕಂತು ವರ್ಷಕ್ಕೆ ನೂರಕ್ಕೆ 19ರ ಮೇಲೆ ಬೀಳುತ್ತದೆ. ನಮ್ಮ ಊರ ಲೆಕ್ಕದಲ್ಲಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಅರವತ್ತು ಪೈಸೆ.

ಆ ಮೂರು ಲಕ್ಷವೂ ಪೂರ್ತಿ ಬರಲಿಲ್ಲ. ಫೈಲ್ ಚಾರ್ಜು, ದಾಖಲೆ ಚಾರ್ಜು, ಕೇಳದೆ ಸೇರಿಸಿದ ಒಂದು ವಿಮೆ ಅಂತ 12,000 ಮುರಿದುಕೊಂಡರು. ಷೆಡ್ಡಿನವನಿಗೆ ಆ ಹಣವನ್ನೂ ಇವರೇ ತುಂಬಿಕೊಟ್ಟರು. ಅದನ್ನೂ ಲೆಕ್ಕಕ್ಕೆ ತಂದರೆ ನೂರಕ್ಕೆ ಒಂದು ರೂಪಾಯಿ ಎಂಬತ್ತು ಪೈಸೆ. ಊರ ಸಾಹುಕಾರ ಎರಡು ರೂಪಾಯಿ ಬಡ್ಡಿ ಕೇಳಿದರೆ ರಕ್ತ ಹೀರುವವನು ಅಂತೀವಿ. ಟೈ ಕಟ್ಟಿದವನು ಇಪ್ಪತ್ತು ಪೈಸೆ ಕಮ್ಮಿ ಮಾಡಿ ಟೀ ಕುಡಿಸಿದರೆ ಕೈಮುಗಿದು ಬರುತ್ತೀವಿ.

ವರ್ಷ ತುಂಬುವವರೆಗೆ ಒಂದು ಕಂತೂ ತಪ್ಪಲಿಲ್ಲ. 1,08,000 ಕಟ್ಟಿಯಾಗಿತ್ತು. ಬಾಕಿ ಎಷ್ಟು ಅಂತ ಕೇಳಿದರೆ 2,45,000 ಅಂದರು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಅವರದೇ ಫ್ಲಾಟ್ ಲೆಕ್ಕದಲ್ಲಿ ಪ್ರತಿ ಕಂತಿನಲ್ಲಿ ಅಸಲು 6,250. ಹನ್ನೆರಡು ಕಂತಿಗೆ 75,000 ತೀರಿ 2,25,000 ಉಳಿಯಬೇಕು. ಆದರೆ ಬಾಕಿ ಹೇಳುವಾಗ ಫ್ಲಾಟ್ ಮಾಯ! ಅಲ್ಲಿ ಇಳಿಯುವ ಅಸಲಿನ ಲೆಕ್ಕ, ಮೊದಲ ವರ್ಷಗಳಲ್ಲಿ ಬಡ್ಡಿಯನ್ನೇ ಹೆಚ್ಚಾಗಿ ಹೀರುವ ಲೆಕ್ಕ. ಸಾಲ ಮಾರುವಾಗ ಒಂದು ತಕ್ಕಡಿ, ತೀರಿಸಿಕೊಳ್ಳುವಾಗ ಇನ್ನೊಂದು. ಮಂಡಿಯಲ್ಲಿ ತೂಕದ ಮೋಸ ಕಂಡರೆ ಗಲಾಟೆ ಎಬ್ಬಿಸುವ ನಾವು ಈ ಇಪ್ಪತ್ತು ಸಾವಿರದ ಮೋಸಕ್ಕೆ ಸುಮ್ಮನಿದ್ದೇವೆ.

ಇನ್ನು ಕಂತಿನ ಮಾತು. ತಿಂಗಳ ಕಂತು ಹುಟ್ಟಿದ್ದು ತಿಂಗಳ ಸಂಬಳದವನಿಗೆ. ಕಬ್ಬು ಕೈಗೆ ಬರುವುದು ವರ್ಷಕ್ಕೋ ಒಂದೂವರೆ ವರ್ಷಕ್ಕೋ. ಅಡಿಕೆ ವರ್ಷಕ್ಕೊಮ್ಮೆ. ಟ್ರಾಕ್ಟರ್ ಸಾಲಕ್ಕೆ ಆರು ತಿಂಗಳ ಕಂತು ಇಡಬಹುದು ಎನ್ನುವುದು ಈ ಕಂಪನಿಗಳಿಗೂ ಗೊತ್ತು. ಅದೇ ರೈತ ಕಾರಿಗೆ ಬಂದರೆ ಪ್ರತಿ ತಿಂಗಳೂ ಐದನೇ ತಾರೀಖಿಗೆ ಖಾತೆಯಲ್ಲಿ ಹಣ ಇರಬೇಕು. ಇಲ್ಲದಿದ್ದರೆ ಬೌನ್ಸ್ ಚಾರ್ಜು, ಅದರ ಮೇಲೆ ದಂಡ.

ಇದೇ ದೇಶದಲ್ಲಿ 1966ರ ಕಬ್ಬು ನಿಯಂತ್ರಣ ಆದೇಶ ಇದೆ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಿ ಕೊಡಬೇಕು ಎನ್ನುತ್ತದೆ. ನಿಮ್ಮಲ್ಲಿ ಎಷ್ಟು ಜನ ಆ ಬಡ್ಡಿ ಕಂಡಿದ್ದೀರಿ? ಕಾರ್ಖಾನೆಯ ಮಾಲೀಕನ ಬಾಗಿಲಿಗೆ ಯಾವ ವಸೂಲಿಯವನು ಮೋಟಾರು ಸೈಕಲ್ಲಿನಲ್ಲಿ ಹೋಗಿದ್ದಾನೆ? ಮದ್ದೂರಿನ ನಮ್ಮ ರೈತರ ಕಬ್ಬಿನ ಹಣ ನಿಂತಿತು, ಎರಡು ಕಂತು ತಪ್ಪಿತು. ಟೀ ಕುಡಿಸುವಾಗ ‘ಗೌಡ್ರೇ’ ಆಗಿದ್ದವರು ಜಗಲಿಯ ಮುಂದೆ ‘ಏನಯ್ಯಾ’ ಆದರು.

ಆಮೇಲೆ ಆದದ್ದು ಎಲ್ಲರ ಮನೆಯಲ್ಲೂ ಆಗುವಂಥದ್ದೇ. ಮೊದಲು ಹೆಂಡತಿಯ ಸರ ಅಡವಿಗೆ ಹೋಯಿತು. ಸೊಸೈಟಿಯ ಬೆಳೆ ಸಾಲದಿಂದ ಒಂದಿಷ್ಟು ತೆಗೆದು ಕಂತಿಗೆ ಕಟ್ಟುವ ಯೋಚನೆಯೂ ಬಂದಿತ್ತಂತೆ. ಅಯ್ಯಾ, ಆ ಸಾಲಕ್ಕೆ ಬಡ್ಡಿ ಇಲ್ಲದಿರುವುದು ಹೊತ್ತಿಗೆ ಸರಿಯಾಗಿ ತೀರಿಸಿದರೆ ಮಾತ್ರ! ಗೊಬ್ಬರದ ಹಣವನ್ನು ಕಾರಿಗೆ ಹಾಕಿದರೆ ಕಾರೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ.

ಈ ಎಲ್ಲದರಲ್ಲಿ ನನಗೆ ಹೆಚ್ಚು ನೋವಾದದ್ದು ಒಂದು ಸಂಗತಿ. ಇಷ್ಟು ದಿನ ಅವರು ಯಾರಿಗೂ ಹೇಳಿರಲಿಲ್ಲ, ಒಡಹುಟ್ಟಿದ ಅಣ್ಣನಿಗೂ. 1980ರ ದಶಕದಲ್ಲಿ ಸಾಲಕ್ಕೆ ಜಪ್ತಿಯಾದ ಸಾಮಾನನ್ನು ರೈತರು ಗುಂಪಾಗಿ ಹೋಗಿ ಮರುಜಪ್ತಿ ಮಾಡಿ ತಂದದ್ದು ಹಿರಿಯರಿಗೆ ನೆನಪಿದೆ. ಆಗ ಜಪ್ತಿ ನಡೆಯುತ್ತಿದ್ದದ್ದು ಊರ ಕಣ್ಣೆದುರು. ಊರು ಕಂಡಿತು, ಊರು ಎದ್ದಿತು. ಈಗ ಕಾರನ್ನು ಹೆದ್ದಾರಿಯಲ್ಲಿ ಅಡ್ಡಗಟ್ಟಿ ಕೀ ಕಿತ್ತುಕೊಳ್ಳುತ್ತಾರೆ. ಕಳಕೊಂಡವನು ರಿಪೇರಿಗೆ ಬಿಟ್ಟಿದ್ದೀನಿ ಅಂತ ಸುಳ್ಳು ಹೇಳಿಕೊಂಡು ತಿರುಗುತ್ತಾನೆ. ನಿಮ್ಮ ಕಾರಿಗಿಂತ ಮೊದಲು ಅವರು ಅಡವಿಟ್ಟುಕೊಂಡಿರುವುದು ನಿಮ್ಮ ನಾಚಿಕೆಯನ್ನು.

ಆದ್ದರಿಂದ ಇಂಥ ಸಾಲದಲ್ಲಿ ಸಿಕ್ಕಿಕೊಂಡವರು ಮೊದಲು ಮನೆಯಲ್ಲಿ ಹೇಳಿ. ಆಮೇಲೆ ಕಂಪನಿಗೆ ಬರೆದು ಖಾತೆಯ ಪೂರ್ತಿ ವಿವರ ತರಿಸಿ. ಬಾಯಿಮಾತು ಬೇಡ, ಕಾಗದ ಬೇಕು. 2024ರ ಅಕ್ಟೋಬರ್ 1ರ ನಂತರ ಮಂಜೂರಾದ ಸಾಲವಾದರೆ, ಎಲ್ಲ ಖರ್ಚೂ ಸೇರಿದ ವಾರ್ಷಿಕ ದರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಬರೆದ ಮುಖ್ಯಾಂಶದ ಹಾಳೆ ಕೊಡಬೇಕೆಂದು ರಿಜರ್ವ್ ಬ್ಯಾಂಕಿನ ಆದೇಶವಿದೆ. ಅದರಲ್ಲಿ ಕಾಣಿಸದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಎಳೆಯುವಂತೆಯೂ ಇಲ್ಲ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಯ ಫೋನು ಮಾಡುವಂತಿಲ್ಲ. ಗೂಂಡಾಗಳನ್ನು ಬಿಟ್ಟು ಗಾಡಿ ಕಿತ್ತುಕೊಳ್ಳಬಾರದೆಂದು ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. ದೂರು ಕೊಟ್ಟು 30 ದಿನ ಕಳೆದರೂ ಕಂಪನಿ ಉತ್ತರಿಸದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಸಾಲದ ಕಿರುಕುಳದ ವಿರುದ್ಧ ಕಾಯ್ದೆ ತಂದು ಬೆನ್ನು ತಟ್ಟಿಕೊಂಡಿತು. ರಿಜರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳನ್ನು ಅದರ ಹೊರಗೇ ಇಟ್ಟಿತು ಎನ್ನುವುದನ್ನು ಮಾತ್ರ ಭಾಷಣದಲ್ಲಿ ಹೇಳಲಿಲ್ಲ.

ಒಂದು ಎಚ್ಚರಿಕೆ. “ಗಾಡಿ ನನಗೆ ಕೊಡಿ, ಉಳಿದ ಕಂತು ನಾನೇ ಕಟ್ಟಿಕೊಳ್ತೀನಿ” ಅಂತ ಛಾಪಾ ಕಾಗದ ಹಿಡಿದು ಬರುವವನನ್ನು ನಂಬಬೇಡಿ. ಸಾಲ ನಿಮ್ಮ ಹೆಸರಿನಲ್ಲೇ, ಆರ್‌ಸಿ ನಿಮ್ಮ ಹೆಸರಿನಲ್ಲೇ. ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿರುವವನೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ಎಲ್ಲೋ ಅವನು ಗುದ್ದುತ್ತಾನೆ, ಇಲ್ಲಿ ನಿಮ್ಮ ಪಹಣಿಗೆ ಕುತ್ತು. ಜಾಮೀನು ಹಾಕಿದ ಭಾವಮೈದುನನೂ ಸುಮ್ಮನೆ ಸಾಕ್ಷಿ ಹಾಕಿದ್ದು ಅಂದುಕೊಂಡಿರಬೇಡ. ಕಾನೂನಿನಲ್ಲಿ ಅವನೂ ಸಾಲಗಾರನಷ್ಟೇ ಹೊಣೆ. ಮಧ್ಯಸ್ಥಗಾರನ ನೋಟಿಸು ಬಂದರೆ ಮಾಡಿಗೆ ಸಿಕ್ಕಿಸಬೇಡಿ, ನೀವಿಲ್ಲದೆಯೇ ತೀರ್ಮಾನವಾಗಿಬಿಡುತ್ತದೆ.

ಮದ್ದೂರಿನ ಲೆಕ್ಕ ಏನಾಯಿತು ಅಂತ ಕೇಳುತ್ತೀರಿ. ಬಾಕಿ, ಎರಡು ಕಂತಿನ ದಂಡ, ಅವಧಿಗೆ ಮೊದಲೇ ತೀರಿಸುವುದಕ್ಕೂ ಒಂದು ಶುಲ್ಕ, ಎಲ್ಲ ಸೇರಿ 2,66,000 ಅಂತ ಕಾಗದ ಬಂತು. ಕಾರಿಗೆ ಸಿಗುತ್ತಿದ್ದದ್ದು 2,50,000. ಹದಿನಾರು ಸಾವಿರ ಕೈಯಿಂದ ಹಾಕಿ ಮಾರುವುದೇ ಎಂದು ಅವರ ಮನೆಯಲ್ಲಿ ಎರಡು ದಿನ ವಾದವಾಯಿತು. ಇಟ್ಟುಕೊಂಡರೆ ಇನ್ನೂ 36 ಕಂತು, 3,24,000, ಅಷ್ಟರಲ್ಲಿ ಕಾರು ಇನ್ನಷ್ಟು ಹಳತು. ಜಪ್ತಿಯಾಗಲಿ ಬಿಡು ಎಂದರೆ ಹರಾಜಿನಲ್ಲಿ ಕೂಗುವವರು ದಳ್ಳಾಳಿಗಳೇ, ಕಡಿಮೆ ಬಿದ್ದ ಹಣಕ್ಕೆ ಮತ್ತೆ ನೋಟಿಸು. ಅಣ್ಣ ಹದಿನಾರು ಸಾವಿರ ಕೊಟ್ಟರು. ಕೊಂಡವರ ಹಣ ನೇರವಾಗಿ ಸಾಲದ ಖಾತೆಗೇ ಹೋಗುವಂತೆ ನೋಡಿಕೊಂಡೆವು.

ಸಾಲ ತೀರಿದ 30 ದಿನದೊಳಗೆ ದಾಖಲೆ ಹಿಂದಿರುಗಿಸಬೇಕು, ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಜರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ಆರ್‌ಸಿಯಿಂದ ಸಾಲದ ನಮೂದು ತೆಗೆಸುವ 35ನೇ ನಮೂನೆಗೆ ರುಜು ಇನ್ನೂ ಬಂದಿಲ್ಲ. ಇವತ್ತಿಗೆ 34 ದಿನ. ಸೋಮವಾರ ಅವರ ಆಫೀಸಿಗೆ ಹೋಗುತ್ತಿದ್ದೇವೆ. ಹೋದ ಸಲ ಅವರು ಒಬ್ಬರೇ ಹೋಗಿದ್ದರು, ಈ ಸಲ ಹನ್ನೆರಡು ಜನ ಹೊರಟಿದ್ದೇವೆ.