ದಲ್ಲಾಳಿಗೂ ಬೇಕು ಪರೀಕ್ಷೆ

ಸೈಟು, ಮನೆ ಕೊಡಿಸಲು ಜನರ ಪರಿಚಯವಿದ್ದರೆ ಸಾಕು, ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ನೋಂದಣಿ ಇರುವಾಗ ದಲ್ಲಾಳಿಗಳಿಗೆ ತರಬೇತಿ, ಪರೀಕ್ಷೆಯ ಹೊರೆ ಯಾಕೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಕೇಳಿದ್ದಾರೆ. ನೋಂದಣಿಗೆ ಬೇಕಿರುವುದೇನು? ಪ್ಯಾನ್, ವಿಳಾಸದ ದಾಖಲೆ, ಫೋಟೊ, ಶುಲ್ಕ. ಅರ್ಜಿದಾರ ಯಾರೆಂಬುದು ಅದರಿಂದ ತಿಳಿಯುತ್ತದೆಯೇ ಹೊರತು, ಆತನಿಗೆ ಏನು ಗೊತ್ತು ಎಂಬುದಲ್ಲ.

ಗೊತ್ತಿರಬೇಕಾದದ್ದು ಕಡಿಮೆಯೇ? ಎ ಖಾತಾ, ಬಿ ಖಾತಾ ವ್ಯತ್ಯಾಸ, ಭೂಪರಿವರ್ತನೆ ಆದೇಶ, ಋಣಭಾರ ಪತ್ರ ಓದುವ ಬಗೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟವೇ ಅಸಿಂಧು. ಇದು ತಿಳಿಯದ ದಲ್ಲಾಳಿ ಕಮಿಷನ್ ಎಣಿಸಿಕೊಂಡು ಹೋಗುತ್ತಾನೆ. ಸಾಲ ಮಾಡಿ ಕೊಂಡವರು ಕೋರ್ಟು ಅಲೆಯುತ್ತಾರೆ.

ಬಡ ದಲ್ಲಾಳಿಗಳ ಹೊಟ್ಟೆಪಾಡಿಗೆ ಕುತ್ತು ಎಂಬ ಆತಂಕಕ್ಕೆ ಉತ್ತರ ಸುಲಭ: ಪದವಿ ಕೇಳಬೇಡಿ, ಕನ್ನಡದಲ್ಲೇ ತರಬೇತಿ, ಪರೀಕ್ಷೆ ನಡೆಸಿ. ಮಹಾರಾಷ್ಟ್ರ ರೇರಾ 2023ರಲ್ಲೇ ಏಜೆಂಟರಿಗೆ ತರಬೇತಿ, ಪರೀಕ್ಷೆ ಕಡ್ಡಾಯ ಮಾಡಿತು.

ಪಾಸಾದವರೂ ಮೋಸ ಮಾಡಬಹುದು, ನಿಜ. ಆದರೆ ‘ನನಗೆ ಗೊತ್ತಿರಲಿಲ್ಲ ಸ್ವಾಮಿ’ ಎಂಬ ನೆಪ ಅವರಿಗೆ ಉಳಿಯದು.

ಲೇಖಕರು ನಂಬಿರುವ ರೇರಾ ನೋಂದಣಿಯೂ ಎಲ್ಲ ದಲ್ಲಾಳಿಗಳಿಗೆ ಅನ್ವಯಿಸದು. 2016ರ ರೇರಾ ಕಾಯ್ದೆಯ 9ನೇ ಸೆಕ್ಷನ್ ನೋಂದಾಯಿತ ಯೋಜನೆಗಳ ಏಜೆಂಟರಿಗೆ ಮಾತ್ರ. ಹಳೆಯ ಮನೆಯ ಮರುಮಾರಾಟ ಮಾಡಿಸುವವರು, ಬಾಡಿಗೆ ಮನೆ ಕೊಡಿಸುವವರು ಅದರ ಹೊರಗೇ ಇದ್ದಾರೆ. ಹೀಗಿರುವಾಗ ಇರುವ ನಿಯಮವೇ ಸಾಕೆನ್ನುವುದು ಕೊಳ್ಳುವವರ ಪರವಾದ ಮಾತಂತೂ ಅಲ್ಲ.