ವಲಯ ಚುನಾವಣೆಯ ಹೊಣೆಗಾರಿಕೆಯನ್ನು ಕುರಿತು ಸದಸ್ಯರ ಮನವಿ ಪತ್ರ

ಉಡುಪಿ ಜಿಲ್ಲೆಯ ಮಾನ್ಯ ಸಂಘಗಳ ಜಿಲ್ಲಾ ನೋಂದಣಾಧಿಕಾರಿಯವರ ಸನ್ನಿಧಿಗೆ,

ಅಂಚೆಚೀಟಿ ಹಾಗೂ ನಾಣ್ಯ ಸಂಗ್ರಾಹಕರ ನೋಂದಾಯಿತ ಸಂಘವೊಂದರ ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳ ವಲಯಗಳ ಕೆಳಗೆ ಸಹಿ ಮಾಡಿದ ಸದಸ್ಯರ ವಿನಯಪೂರ್ವಕ ಅರಿಕೆ.

ವಿಷಯ: ಸಂಘದ ವಲಯ ಚುನಾವಣೆಯ ವಿಚಾರಣೆ ಮತ್ತು ಪದಾಧಿಕಾರಿಗಳ ಉತ್ತರದಾಯಿತ್ವ.

ಮಾನ್ಯರೇ,

ಹವ್ಯಾಸಿಗಳ ಸಂಘವೊಂದರ ಚುನಾವಣೆಯಲ್ಲಿ ನಡೆದ ಅಕ್ರಮವು ತಮ್ಮ ಕಾರ್ಯಾಲಯದ ಕಾಲವನ್ನು ವ್ಯಯಮಾಡತಕ್ಕಷ್ಟು ಗುರುತರವಾದುದೇ ಎಂಬ ಶಂಕೆ ಉದ್ಭವಿಸುವುದು ಸಹಜವಾದುದರಿಂದ, ಮೊದಲು ಅದಕ್ಕೇ ಸಮಾಧಾನ ಹೇಳಬೇಕಾಗಿದೆ. ಬಾರಕೂರಿನ ಟಂಕಸಾಲೆಯಲ್ಲಿ ಅಚ್ಚಾದ ಗದ್ಯಾಣವೊಂದು ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಉಳಿದುಬಂದಿದ್ದರೆ, ಅದರ ಒಡೆಯನು ಬ್ಯಾಂಕಿನವರ ಕೈಗೆ ಅದನ್ನು ಕೊಡುವಾಗಲೂ ರಸೀತಿ ಕೇಳುವನು. ಸಂಘದ ಪ್ರದರ್ಶನಕ್ಕೆಂದು ಕೊಡುವಾಗ ಮಾತ್ರ ವಲಯ ಪ್ರತಿನಿಧಿಯ ಮುಖ ನೋಡಿ ಕೊಡುವನು. ವಿನಿಮಯ ಪುಸ್ತಿಕೆಗಳಲ್ಲಿ ಅಂಟಿಸಿಟ್ಟ ಚೀಟಿಗಳು, ಪ್ರಥಮ ದಿನದ ಲಕೋಟೆಗಳು, ಚಂದಾ ಹಣ, ಪ್ರದರ್ಶನದ ಚೌಕಟ್ಟುಗಳು, ಕರ್ನಾಪೆಕ್ಸ್‌ನಂತಹ ರಾಜ್ಯಮಟ್ಟದ ಪ್ರದರ್ಶನಕ್ಕೆ ಸಂಘದ ಪರವಾಗಿ ಯಾರ ಸಂಗ್ರಹ ಹೊರಡಬೇಕೆಂಬ ಸೂಚನೆ, ಇವೆಲ್ಲವೂ ಆ ಪ್ರತಿನಿಧಿಯ ಕೈಯಲ್ಲಿವೆ. ಆದಕಾರಣ ಆತನನ್ನು ಆರಿಸುವ ಅಧಿಕಾರವೂ, ಆರಿಸಿದ ಬಳಿಕ ಪ್ರಶ್ನಿಸುವ ಅಧಿಕಾರವೂ ಸದಸ್ಯನ ಕೈ ತಪ್ಪಿದ ದಿನ, ತಪ್ಪುವುದು ಬರಿಯ ಮತವೊಂದೇ ಅಲ್ಲ.

ನಡೆದುದಿಷ್ಟು. ಕಾರ್ಕಳ ವಲಯದಿಂದ ನಾಮಪತ್ರ ಸಲ್ಲಿಸಿದ ಸದಸ್ಯರೊಬ್ಬರು ಹಿಂದಿನ ಮಹಾಸಭೆಯಲ್ಲಿ ಪ್ರದರ್ಶನ ನಿಧಿಯ ಖರ್ಚಿನ ವಿವರ ಕೇಳಿದ್ದವರು. ಅವರ ನಾಮಪತ್ರವನ್ನು ಸಂಘದ ಚುನಾವಣಾ ಸಮಿತಿಯು ‘ಸಂಘದ ಘನತೆಗೆ ಕುಂದು ತಂದವರು’ ಎಂಬ ಒಂದೇ ವಾಕ್ಯದಿಂದ ತಿರಸ್ಕರಿಸಿತು. ಕುಂದು ಯಾವುದು, ಅದನ್ನು ಯಾವ ನಿಬಂಧನೆಯನ್ವಯ ನಿರ್ಣಯಿಸಲಾಯಿತು, ಆ ಸದಸ್ಯರ ಸಮಜಾಯಿಷಿಯನ್ನು ಯಾರಾದರೂ ಕೇಳಿದರೇ ಎಂಬುದಕ್ಕೆ ಇಂದಿನವರೆಗೆ ಉತ್ತರವಿಲ್ಲ. ಆ ಸಮಿತಿಯಲ್ಲಿ ಕುಳಿತವರಾದರೋ, ಯಾರ ಖರ್ಚನ್ನು ಪ್ರಶ್ನಿಸಲಾಗಿತ್ತೋ ಅದೇ ಪದಾಧಿಕಾರಿಗಳು. ಉಳಿದ ಏಕೈಕ ಅಭ್ಯರ್ಥಿಯು ‘ಅವಿರೋಧವಾಗಿ’ ಆಯ್ಕೆಯಾದರೆಂದು ಘೋಷಿತರಾದರು. ವಿರೋಧಿಯನ್ನು ಹೊರಹಾಕಿ ಬಾಗಿಲು ಹಾಕಿಕೊಂಡ ಬಳಿಕ ಅವಿರೋಧವೆನ್ನುವುದು ಎಷ್ಟು ಸುಲಭ! ಕಾಪುವಿನ ಸದಸ್ಯರ ಸಂಕಷ್ಟ ಬೇರೆ ಬಗೆಯದು. ಕಾಪು ಇನ್ನೂ ಉಡುಪಿ ತಾಲೂಕಿನ ಭಾಗವಾಗಿದ್ದ ಕಾಲದಲ್ಲಿ ಬರೆದ ಬೈಲಾ ನಮ್ಮದಾದುದರಿಂದ, 2018ರಲ್ಲಿ ಅಲ್ಲಿ ಪ್ರತ್ಯೇಕ ತಾಲೂಕು ಕಾರ್ಯಾರಂಭ ಮಾಡಿದ ಬಳಿಕ ಅವರು ಯಾವ ವಲಯದ ಮತದಾರರೆಂಬುದು ಪದಾಧಿಕಾರಿಗಳ ಅನುಕೂಲಕ್ಕೆ ತಕ್ಕಂತೆ ಬದಲಾಗುತ್ತಿದೆ.

ಈ ಕುರಿತು ನಾವು ನಮ್ಮ ನಮ್ಮ ವಲಯ ಪ್ರತಿನಿಧಿಗಳನ್ನು ಕೇಳಿದೆವು. ಕಾರ್ಯಕಾರಿ ಸಮಿತಿಯ ಚರ್ಚೆ ಗೋಪ್ಯವಾದುದೆಂದೂ, ತಾವು ಯಾವ ಪಕ್ಷಕ್ಕೆ ಮತವಿತ್ತೆವೆಂಬುದನ್ನು ಹೊರಗೆ ಹೇಳುವಂತಿಲ್ಲವೆಂದೂ ಉತ್ತರ ಬಂದಿತು. ನಮ್ಮ ಮತದಿಂದ ಹೋದವರು ನಮ್ಮ ಪರವಾಗಿ ಏನು ಮಾಡಿದರೆಂಬುದನ್ನು ನಮ್ಮಿಂದಲೇ ಮರೆಮಾಡಬೇಕೆಂಬ ಈ ಗೋಪ್ಯತೆ ಯಾವ ಬೈಲಾದಲ್ಲಿಯೂ ನಮಗೆ ಕಾಣಸಿಗಲಿಲ್ಲ. 

ಕಾನೂನಿನ ಮಾತಿಗೆ ಬಂದರೆ, ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ 13ನೆಯ ಪ್ರಕರಣದಂತೆ ವಾರ್ಷಿಕ ಮಹಾಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಸದಸ್ಯರ ಪಟ್ಟಿಯೂ ಪರಿಶೋಧಿತ ಲೆಕ್ಕಪತ್ರವೂ ತಮ್ಮಲ್ಲಿಗೆ ಬರತಕ್ಕುದು. 25ನೆಯ ಪ್ರಕರಣದಂತೆ ಸದಸ್ಯರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಮೆಯಿಲ್ಲದವರು ಕೋರಿದರೆ ತಾವು ವಿಚಾರಣೆ ನಡೆಸಲೇಬೇಕು. ನಮ್ಮ ತೊಡಕು ಇಲ್ಲಿಯೇ ಇದೆ. ಮೂರನೆಯ ಒಂದು ಭಾಗವೆಷ್ಟೆಂದು ತಿಳಿಯಬೇಕಾದರೆ ಸದಸ್ಯರ ಒಟ್ಟು ಸಂಖ್ಯೆ ತಿಳಿಯಬೇಕು. ಆ ಸಂಖ್ಯೆ ಇರುವ ಸದಸ್ಯತ್ವದ ಪುಸ್ತಕವನ್ನು ಲಿಖಿತವಾಗಿ ಕೇಳಿದರೂ ತೋರಿಸಿಲ್ಲ. ಚಂದಾ ನಿಲ್ಲಿಸಿದವರ ಹೆಸರು ಅದರಲ್ಲಿ ಉಳಿದಿದೆಯೋ, ಹೊಸದಾಗಿ ಚಂದಾ ಕೊಟ್ಟವರ ಹೆಸರು ಸೇರಿದೆಯೋ ಎಂಬುದು ಕಾರ್ಯದರ್ಶಿಯೊಬ್ಬರಿಗೇ ವೇದ್ಯ. ಹೀಗೆ ಯಾರ ಮೇಲೆ ವಿಚಾರಣೆ ಕೋರಬೇಕೋ ಅವರ ಬಳಿಯೇ ವಿಚಾರಣೆಯ ಬೀಗದ ಕೈ ಇರುವುದರಿಂದ, ಅದೇ ಪ್ರಕರಣವು ತಮಗೆ ನೀಡಿರುವ ಸ್ವಯಂಪ್ರೇರಿತ ವಿಚಾರಣೆಯ ಅಧಿಕಾರವನ್ನು ಚಲಾಯಿಸಬೇಕೆಂದು ಪ್ರಾರ್ಥಿಸುತ್ತೇವೆ. ನಮ್ಮ ಸಹಿಗಳು ಸಾಲದೆಂಬ ಆಕ್ಷೇಪವನ್ನು ಪದಾಧಿಕಾರಿಗಳು ಎತ್ತುವುದಾದರೆ, ಆ ಆಕ್ಷೇಪದೊಡನೆ ಪುಸ್ತಕವನ್ನೂ ಹಾಜರುಪಡಿಸುವಂತೆ ಅವರಿಗೆ ಆದೇಶವಾಗಲಿ.

ಖಾಸಗಿ ಹವ್ಯಾಸದಲ್ಲಿ ಸರಕಾರವೇಕೆ ಕೈಹಾಕಬೇಕೆಂದು ಕೇಳುವವರುಂಟು. ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯೂ ಸಂಘಗಳ ಕಾನೂನಿನಡಿ ನೋಂದಣಿಯಾದ ಸಂಸ್ಥೆಯೇ. ಅದೂ ಬಹುಕಾಲ ಇದೇ ವಾದವನ್ನು ಹೂಡಿತ್ತು. ಆದರೂ ಅದರ ಸುಧಾರಣೆಗೆ ನ್ಯಾಯಮೂರ್ತಿ ಲೋಧಾ ಸಮಿತಿಯು ಮಾಡಿದ ಶಿಫಾರಸುಗಳ ಬಹುಭಾಗವನ್ನು ಸರ್ವೋಚ್ಚ ನ್ಯಾಯಾಲಯವು 2016ರ ಜುಲೈ 18ರಂದು ಅಂಗೀಕರಿಸಿತು. ಪದಾಧಿಕಾರಿಗಳಲ್ಲದ ಸ್ವತಂತ್ರ ಚುನಾವಣಾಧಿಕಾರಿಯ ನೇಮಕ ಆ ಶಿಫಾರಸುಗಳಲ್ಲೊಂದು. ನಮ್ಮ ಬೊಕ್ಕಸ ಅದರ ಮುಂದೆ ಅಣುಮಾತ್ರವಾದರೂ, ಪ್ರಶ್ನೆಗೊಳಗಾದವನೇ ಪ್ರಶ್ನಿಸಿದವನ ಅರ್ಹತೆಯನ್ನು ನಿರ್ಣಯಿಸಬಾರದೆಂಬ ನ್ಯಾಯಕ್ಕೆ ಬೊಕ್ಕಸದ ಗಾತ್ರ ಸಂಬಂಧಿಸಿದುದಲ್ಲ.

ಆದಕಾರಣ, ಕಾರ್ಕಳ ವಲಯದ ಘೋಷಣೆಯನ್ನು ಅಂಗೀಕರಿಸುವ ಮೊದಲು ನಾಮಪತ್ರ ತಿರಸ್ಕಾರದ ಕಾರಣಗಳನ್ನು ಲಿಖಿತವಾಗಿ ತರಿಸಿಕೊಳ್ಳಬೇಕೆಂದೂ, ಅವು ನಿಲ್ಲತಕ್ಕವಲ್ಲವೆಂದು ಕಂಡಲ್ಲಿ ಸಂಘದಲ್ಲಿ ಯಾವ ಪದವಿಯನ್ನೂ ಹೊಂದಿಲ್ಲದವರೊಬ್ಬರ ಮೇಲ್ವಿಚಾರಣೆಯಲ್ಲಿ ಆ ವಲಯಕ್ಕೆ ಮರುಚುನಾವಣೆ ನಡೆಸಲು ನಿರ್ದೇಶಿಸಬೇಕೆಂದೂ, ಕಾಪು ವಲಯದ ಮತದಾರರ ಪಟ್ಟಿಯನ್ನು ಬೈಲಾ ತಿದ್ದುಪಡಿಯ ಮೂಲಕ ಸ್ಥಿರಪಡಿಸುವಂತೆ ಸೂಚಿಸಬೇಕೆಂದೂ ಕೋರುತ್ತೇವೆ. ಕಾರ್ಯಕಾರಿ ಸಮಿತಿಯ ಪ್ರತಿಯೊಂದು ನಿರ್ಣಯಕ್ಕೆ ಯಾವ ವಲಯದ ಪ್ರತಿನಿಧಿ ಯಾವ ಪಕ್ಷದಲ್ಲಿ ನಿಂತರೆಂಬುದು ನಡವಳಿ ಪುಸ್ತಕದಲ್ಲಿ ದಾಖಲಾಗಿ, ಆ ಪುಸ್ತಕವು ಸದಸ್ಯರ ಪರಿಶೀಲನೆಗೆ ತೆರೆದಿರಬೇಕೆಂಬುದು ನಮ್ಮ ಬೇಡಿಕೆಗಳಲ್ಲಿ ಮುಖ್ಯವಾದುದು. ಉಳಿದವೆಲ್ಲ ಒಂದು ಚುನಾವಣೆಯನ್ನು ಸರಿಪಡಿಸಬಹುದು, ಇದೊಂದು ಮುಂದಿನವುಗಳನ್ನೂ ಕಾಯುತ್ತದೆ.

ಆಡಳಿತಾಧಿಕಾರಿಯ ನೇಮಕಕ್ಕೆ ಕಾನೂನಿನಲ್ಲಿ ಅವಕಾಶವಿದೆಯೆಂದು ಬಲ್ಲೆವು. ಅದನ್ನು ನಾವು ಕೋರುತ್ತಿಲ್ಲ. ಸಂಜೆಯ ಬಿಡುವಿನಲ್ಲಿ ಚೀಟಿ ಜೋಡಿಸುವವರ ಸಂಘವು ಕಚೇರಿಯ ಕಡತವಾಗಿಬಿಡುವುದು ನಮಗೂ ಇಷ್ಟವಲ್ಲ. ವಿಚಾರಣೆ ಮುಗಿಯುವವರೆಗೆ ಪ್ರದರ್ಶನ ನಿಧಿಯಿಂದ ಹೊಸ ವೆಚ್ಚ ಮಾಡಬಾರದೆಂದೂ, ಸದಸ್ಯರು ಎರವಲಾಗಿ ಒಪ್ಪಿಸಿದ ನಾಣ್ಯಗಳಿಗೂ ಚೀಟಿಗಳಿಗೂ ಪಟ್ಟಿಮಾಡಿ ಅವರವರಿಗೆ ರಸೀತಿ ಕೊಡಬೇಕೆಂದೂ ಮಧ್ಯಂತರ ಸೂಚನೆ ಹೊರಡಿಸಿದರೆ ಉಪಕೃತರಾಗುವೆವು.

ಇಂತು ತಮ್ಮ ವಿಧೇಯರಾದ,
ನಾಲ್ಕು ವಲಯಗಳ ಸದಸ್ಯರು

ಲಗತ್ತುಗಳು: ಸಂಘದ ಹೆಸರು ಮತ್ತು ನೋಂದಣಿ ಸಂಖ್ಯೆಯಿರುವ ಪ್ರಮಾಣಪತ್ರದ ನಕಲು, ಬೈಲಾ, ನಾಮಪತ್ರ ತಿರಸ್ಕಾರದ ಸೂಚನಾಪತ್ರ, ಸದಸ್ಯತ್ವದ ಪುಸ್ತಕ ಕೋರಿದ ಪತ್ರದ ಪ್ರತಿ, ಸಹಿಗಳ ಹಾಳೆಗಳು.